ಹತ್ತು ನಿಮಿಷ ಕೈ ತೆಗೆಯಬೇಡಿ



ಕಳೆದ ತಿಂಗಳು ಒಂದು ಭಾನುವಾರ ಪೂಜೆಯ ಕೊನೆಗೆ ಫಾದರ್ ಪ್ರಕಟಣೆ ಓದಿದರು: ಈ ವರ್ಷ ಶಾಲೆಗೆ ಸೇರುವ ಮಕ್ಕಳ ಲಸಿಕೆ ಕಾರ್ಡನ್ನು ಒಮ್ಮೆ ತೆಗೆದು ನೋಡಿ, ಬಾಕಿ ಇದ್ದರೆ ಕೊಡಿಸಿ. ಪೂಜೆ ಮುಗಿದು ನಾವು ಯುವಜನರು ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದೆವು. ನಮ್ಮ ವಾಳೆಯ ಒಬ್ಬರು ತಾಯಿ ನನ್ನನ್ನು ಬದಿಗೆ ಕರೆದು ಮೆಲ್ಲ ಕೇಳಿದರು.

"ನೀನು ಸಯನ್ಸ್ ಕಲಿತವಳಲ್ವಾ? ನಮ್ಮ ಹುಡುಗನಿಗೆ ಆಗಾಗ ಮೂಗಿನಲ್ಲಿ ರಕ್ತ ಬರ್ತದೆ. ಇಂಜೆಕ್ಷನ್ ಕೊಡಿಸ್ಲಿಕ್ಕೆ ಹೆದರಿಕೆ ಆಗ್ತದೆ. ಕೊಡಿಸದಿದ್ದರೂ ನಡೀತದಲ್ಲಾ?"

ಈ ಪ್ರಶ್ನೆಗೆ ಐದು ವರ್ಷದ ಹಿಂದೆ ನಮ್ಮ ಮನೆಯಲ್ಲೇ ನಾನೊಂದು ಉತ್ತರ ಕೊಟ್ಟಿದ್ದೆ. ಆ ಉತ್ತರ ತಪ್ಪಾಗಿತ್ತು. ಅದರಿಂದ ನನ್ನ ಅಕ್ಕನ ಮಗನಿಗೆ ಏನಾಗಬಹುದಿತ್ತು ಎಂದು ನೆನೆದರೆ ಇವತ್ತೂ ನಿದ್ದೆ ಬರುವುದಿಲ್ಲ. ಆ ತಾಯಿಗೆ ಅವತ್ತು ನಿಂತಲ್ಲೇ ನಾಲ್ಕು ಮಾತು ಹೇಳಿದೆ. ಪೂರ್ತಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ನನ್ನ ಅಮ್ಮನಿಗೆ ಒಬ್ಬನೇ ತಮ್ಮ. ನಾನು ಹುಟ್ಟುವ ಮೊದಲೇ, 1998ರಲ್ಲಿ, 26ನೇ ವಯಸ್ಸಿನಲ್ಲಿ ತೀರಿಹೋದ. ಅಜ್ಜಿಮನೆಯ ಅಲ್ತಾರಿನ ಪಕ್ಕದಲ್ಲಿ ಅವನ ಫೋಟೊ ಇದೆ. ಚಿಕ್ಕಂದಿನಿಂದ ನಾವು ಕೇಳಿದ್ದು ಇಷ್ಟೇ: ಮಾವನ ರಕ್ತ ನೀರಿನ ಹಾಗೆ, ಗಾಯವಾದರೆ ನಿಲ್ಲುತ್ತಿರಲಿಲ್ಲ. ಅವನ ಮೊಣಕಾಲುಗಳು ಬಾತು ಬಾತು ಕೊನೆಗೆ ಮಡಚಲು ಬರುತ್ತಿರಲಿಲ್ಲವಂತೆ. ಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವಾಗ ಅವನೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದ ಎಂದು ಅಜ್ಜಿ ಹೇಳುತ್ತಾರೆ. ರಕ್ತ ನಿಲ್ಲದಾಗಲೆಲ್ಲಾ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ, ಪ್ಲಾಸ್ಮಾ ಕೊಡುತ್ತಿದ್ದರು. ಅದರಿಂದ ಜೀವ ಉಳಿಯಿತು. ಆದರೆ ಅದೇ ದಾರಿಯಲ್ಲಿ ಹೆಪಟೈಟಿಸ್ ಬಿ ಬಂತು. ಮಾವ ತೀರಿಕೊಂಡದ್ದು ರಕ್ತ ಸೋರಿ ಅಲ್ಲ, ಪಿತ್ತಜನಕಾಂಗ ಕೆಟ್ಟು.

ಆ ಕಾಯಿಲೆಗೆ ಹೆಸರುಂಟು, ಅದು ತಾಯಿಯ ಕಡೆಯಿಂದ ಮಕ್ಕಳಿಗೆ ಹರಿದು ಬರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೀಮೋಫಿಲಿಯಾ. ಕನ್ನಡ ಪತ್ರಿಕೆಗಳಲ್ಲಿ ಕುಸುಮ ರೋಗ ಎಂದು ಬರೆಯುತ್ತಾರೆ. ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ವಂಶವೃಕ್ಷ ಬಿಡಿಸಿದವಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ರೋಗ ಇದ್ದವರಿಗೆ ಕಪ್ಪು, ರೋಗವನ್ನು ದಾಟಿಸುವ ಹೆಂಗಸಿಗೆ ಅರ್ಧ ಕಪ್ಪು. ಐದು ಅಂಕದ ಪ್ರಶ್ನೆ, ಐದೂ ಸಿಕ್ಕಿತು. ಸಂಜೆ ಮಂಗಳೂರಿನಿಂದ ರೈಲು ಹತ್ತಿ ಮಂಜೇಶ್ವರದಲ್ಲಿ ಇಳಿದು ಮನೆಗೆ ಬಂದು, ಅಲ್ತಾರಿನ ಪಕ್ಕದ ಫೋಟೊದ ಕೆಳಗೇ ಕುಳಿತು ಚಹಾ ಕುಡಿದೆ. ಆ ಚಿತ್ರದಲ್ಲಿ ನನ್ನ ಅಮ್ಮ ಒಂದು ಅರ್ಧ ಕಪ್ಪು ವೃತ್ತ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಅಕ್ಕನಿಗೆ ಗಂಡು ಮಗು ಹುಟ್ಟಿದ್ದು 2019ರ ನವೆಂಬರಿನಲ್ಲಿ. ಆರು ವಾರ ತುಂಬಿದಾಗ, ಎಲ್ಲಾ ಮಕ್ಕಳಿಗೆ ಕೊಡುವ ಹಾಗೆ ಪೆಂಟಾವೇಲೆಂಟ್ ಲಸಿಕೆಯನ್ನು ತೊಡೆಗೆ ಕೊಟ್ಟರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಐದು ಕಾಯಿಲೆಗಳಿಗೆ ಒಂದೇ ಚುಚ್ಚು. ಸಂಜೆವರೆಗೆ ಮಗು ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ತೊಡೆ ಬಿಗಿದಿತ್ತು. ಲಸಿಕೆ ಕೊಟ್ಟಲ್ಲಿ ಸ್ವಲ್ಪ ಊತ ಬರುವುದು ಸಾಮಾನ್ಯ ಎಂದು ಸುಮ್ಮನಿದ್ದೆವು. ಮೂರನೇ ದಿನ ತೊಡೆ ಕಲ್ಲಿನ ಹಾಗಾಗಿ ನೀಲಿ ತಿರುಗಿತು, ಮಗುವಿನ ಮುಖ ಬಿಳಿಚಿಕೊಂಡಿತು. ಭಾವ ಗಲ್ಫ್‌ನಲ್ಲಿ. ನಾನೂ ಅಕ್ಕನೂ ಅಮ್ಮನೂ ನೆರೆಮನೆಯವರ ಕಾರಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ತಲಪಾಡಿ ದಾಟಿ ಮಂಗಳೂರಿಗೆ ಓಡಿದೆವು.

ರಕ್ತ ಪರೀಕ್ಷೆಯ ಫಲಿತಾಂಶ ಬಂತು. ರಕ್ತ ಹೆಪ್ಪುಗಟ್ಟಿಸುವ ಎಂಟನೇ ಅಂಶ, ಡಾಕ್ಟರರು ಫ್ಯಾಕ್ಟರ್ 8 ಎನ್ನುವುದು, ಮಗುವಿನಲ್ಲಿ 1%ಕ್ಕಿಂತ ಕಡಿಮೆ. ಹೀಮೋಫಿಲಿಯಾ ಎ, ತೀವ್ರ ಬಗೆಯದ್ದು. ಡಾಕ್ಟರರು ಅಮ್ಮನ ಕಡೆ ತಿರುಗಿ, "ನಿಮ್ಮ ಕಡೆ ಯಾರಿಗಾದರೂ ಹೀಗೆ ಇತ್ತಾ?" ಎಂದು ಕೇಳಿದರು. ಅಮ್ಮ ಉತ್ತರ ಕೊಡಲಿಲ್ಲ, ಅಳಲು ಶುರು ಮಾಡಿದರು. ಫ್ಯಾಕ್ಟರ್ ಕೊಟ್ಟ ಮೇಲೆ ಊತ ಇಳಿಯಿತು. ಐದಾರು ದಿನದಲ್ಲಿ ಮನೆಗೆ ಬಂದೆವು.

ಇನ್ನು ನನ್ನ ತಪ್ಪಿನ ವಿಷಯ. ಮನೆಗೆ ಬರುವಾಗ ಕೈಯಲ್ಲಿ ಇಂಗ್ಲಿಷಿನ ಎರಡು ಪುಟ ಇತ್ತು. ನಮ್ಮ ಮನೆಯ ಮಾತು ಕೊಂಕಣಿ, ರಸ್ತೆಯದ್ದು ತುಳು, ಶಾಲೆ ಕನ್ನಡ, ಸರ್ಕಾರಿ ಕಾಗದ ಮಲಯಾಳಂ. ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವವಳು ನಾನೇ. ಮೊದಲ ಪುಟದಲ್ಲಿ ಒಂದು ಸಾಲಿಗೆ ಗೆರೆ ಎಳೆದಿದ್ದರು: ಸ್ನಾಯುವಿಗೆ ಕೊಡುವ ಇಂಜೆಕ್ಷನ್ ತಪ್ಪಿಸಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದ್ದು: "ಇವನಿಗೆ ಇನ್ನು ಇಂಜೆಕ್ಷನ್ ಆಗುವುದಿಲ್ಲ." ಸ್ನಾಯುವಿಗೆ ಎಂಬ ಮಾತು ನನ್ನ ಬಾಯಲ್ಲಿ ಬಿದ್ದುಹೋಯಿತು. ಎರಡನೇ ಪುಟದಲ್ಲಿ ಲಸಿಕೆಗಳ ಬಗ್ಗೆ ಬೇರೆಯೇ ಒಂದು ಸಾಲು ಇತ್ತು: ಯಾವುದನ್ನೂ ಬಿಡಬೇಡಿ, ಕೊಡಿಸುವ ಮೊದಲು ನಮ್ಮನ್ನು ಸಂಪರ್ಕಿಸಿ. ಆ ಪುಟವನ್ನು ನಾನು ಸರಿಯಾಗಿ ತಿರುಗಿಸಿ ನೋಡಲೇ ಇಲ್ಲ.

ಅದರ ಬೆನ್ನಿಗೇ 2020ರ ಮಾರ್ಚ್ ಬಂತು. ಕರ್ನಾಟಕ ಗಡಿ ರಸ್ತೆಗಳನ್ನು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಾಸರಗೋಡಿನವರು ಗಡಿ ದಾಟಲಾಗದೆ ಪ್ರಾಣ ಕಳೆದುಕೊಂಡದ್ದು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ನಿಮಗೆಲ್ಲಾ ನೆನಪಿರಬಹುದು. ಆ ದಿನಗಳಲ್ಲಿ ಅಕ್ಕ ರಾತ್ರಿಯೆಲ್ಲಾ ಮಗುವಿನ ಕೈಕಾಲು ಮುಟ್ಟಿ ನೋಡುತ್ತಿದ್ದಳು. ಇನ್ನೊಮ್ಮೆ ತೊಡೆ ಊದಿದರೆ ಎಲ್ಲಿಗೆ ಹೋಗುವುದು? ಅಷ್ಟರಲ್ಲಾಗಲೇ ತಪ್ಪಿದ್ದ ಹತ್ತನೇ ವಾರದ ಲಸಿಕೆ ಬಾಕಿಯೇ ಉಳಿಯಿತು. ಹದಿನಾಲ್ಕನೇ ವಾರದ್ದೂ ಬಾಕಿ ಉಳಿಯಿತು. ಅಷ್ಟರ ಮಟ್ಟಿಗೆ ನಮಗೆ ಕಾರಣ ಇತ್ತು ಎನ್ನೋಣ. ಆದರೆ ಗಡಿ ತೆರೆಯಿತು, ಬಸ್ಸು ಓಡಿತು, ನಾವು ಮಾತ್ರ ಹೋಗಲಿಲ್ಲ. ಒಂಬತ್ತನೇ ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ ತಪ್ಪಿತು. ಒಂದೂವರೆ ವರ್ಷದ ಸುಮಾರಿಗೆ ಕೊಡುವ ಬೂಸ್ಟರ್ ತಪ್ಪಿತು. ಆಶಾ ಕಾರ್ಯಕರ್ತೆ ಬಂದಾಗಲೆಲ್ಲಾ ಅಮ್ಮ ಆ ಗೆರೆ ಎಳೆದ ಪುಟ ತೋರಿಸುತ್ತಿದ್ದರು.

ಇನ್ನೊಂದು ಮಾತು ಹೇಳದಿದ್ದರೆ ಸುಳ್ಳು ಬರೆದ ಹಾಗಾಗುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಇದೇ ಚರ್ಚ್ ಹಾಲ್‌ನಲ್ಲಿ ಮೊಬೈಲ್ ಹಿಡಿದು ಕುಳಿತು ಎಷ್ಟೋ ಹಿರಿಯರಿಗೆ ಕೋವಿನ್‌ನಲ್ಲಿ ಹೆಸರು ಹಾಕಿಸಿದವಳು ನಾನು. "ಹೆದರಬೇಡಿ, ಲಸಿಕೆ ಒಳ್ಳೆಯದು" ಎಂದು ಅವರ ಬೆನ್ನು ತಟ್ಟಿದವಳೂ ನಾನು. ಮನೆಗೆ ಹೋದರೆ ನನ್ನ ಅಕ್ಕನ ಮಗ ಅರ್ಧಕ್ಕೆ ನಿಂತ ಲಸಿಕೆ ಕಾರ್ಡಿನೊಂದಿಗೆ ಅಂಗಳದಲ್ಲಿ ಆಡುತ್ತಿದ್ದ.

2024ರ ಮೇ ತಿಂಗಳು. ಹುಡುಗನಿಗೆ ನಾಲ್ಕೂವರೆ ವರ್ಷ. ಅಂಗಳದ ಆಚೆ ಗೇರುಮರದ ಅಡಿಯಲ್ಲಿ ಆಡುತ್ತಿದ್ದವನಿಗೆ ಬೀದಿನಾಯಿ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ಇಳಿದಿತ್ತು. ನಾನು ಮನೆಯಲ್ಲೇ ಇದ್ದೆ. ನಲ್ಲಿಯ ಕೆಳಗೆ ಕಾಲಿಟ್ಟು ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದೆವು. ಅಷ್ಟು ನನಗೆ ಗೊತ್ತಿತ್ತು. ರಕ್ತ ನಿಧಾನವಾಗಿ ಸೋರುತ್ತಲೇ ಇತ್ತು. ನಾನು ಕಾರಿಗೆ ಫೋನ್ ಮಾಡಲು ಹೊರಟಾಗ ಅಮ್ಮ ಅಡ್ಡ ಬಂದು ನಿಂತರು.

"ಆಸ್ಪತ್ರೆಗೆ ಹೋದರೆ ಇಂಜೆಕ್ಷನ್ ಕೊಡ್ತಾರೆ. ಇವನಿಗೆ ಇಂಜೆಕ್ಷನ್ ಆಗುವುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

ನನ್ನದೇ ಮಾತು. ಅದೇ ಶಬ್ದ, ಅದೇ ಕ್ರಮ. ನಾಲ್ಕು ವರ್ಷ ಆ ಮನೆಯಲ್ಲಿ ಬೇರು ಬಿಟ್ಟು ಬೆಳೆದು ನನ್ನ ಎದುರೇ ಬಂದು ನಿಂತಿತ್ತು. ಪಕ್ಕದ ಮನೆಯವರೊಬ್ಬರು ನಾಯಿ ಕಚ್ಚಿದ್ದಕ್ಕೆ ಹಳ್ಳಿಮದ್ದು ಕೊಡುವವರು ಉಂಟು, ಅಲ್ಲಿಗೆ ಹೋಗಿ ಎಂದರು. ಅಕ್ಕ ಒಮ್ಮೆ ನನ್ನ ಮುಖ, ಒಮ್ಮೆ ಮಗನ ಕಾಲು ನೋಡುತ್ತಿದ್ದಳು. ರೇಬಿಸ್ ಒಮ್ಮೆ ಲಕ್ಷಣ ತೋರಿಸಿತೆಂದರೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಅದನ್ನು ಬಿಎಸ್ಸಿಯಲ್ಲಿ ಓದಿದ್ದೆ. ಅದನ್ನೂ ಈ ಮಗುವನ್ನೂ ಒಟ್ಟಿಗೆ ಇಟ್ಟು ಯೋಚಿಸುವ ಧೈರ್ಯ ಮಾತ್ರ ಆ ಗಳಿಗೆವರೆಗೆ ಇರಲಿಲ್ಲ.

ಕಪಾಟಿನಿಂದ ಹಳೇ ಫೈಲ್ ತೆಗೆದು, ಅದರ ಮೇಲಿದ್ದ ಹೀಮೋಫಿಲಿಯಾ ಘಟಕದ ನಂಬರಿಗೆ ಫೋನ್ ಮಾಡಿದೆ. ಡಾಕ್ಟರರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಇಂಜೆಕ್ಷನ್ ಆಗುವುದಿಲ್ಲ ಅಂತ ಯಾರು ಹೇಳಿದ್ದು?"

"ನಾನೇ," ಎಂದೆ.

ಅವರು ಬೈಯಲಿಲ್ಲ. "ಫೈಲ್ ಹಿಡಿದುಕೊಂಡು ಈಗಲೇ ಹೊರಡಿ. ರೇಬಿಸ್ ಲಸಿಕೆಗೆ 'ಇವರಿಗೆ ಆಗುವುದಿಲ್ಲ' ಎನ್ನುವವರೇ ಇಲ್ಲ," ಎಂದರು. ಹೋದ ಕೂಡಲೇ ಮೊದಲು ಫ್ಯಾಕ್ಟರ್ ಕೊಟ್ಟರು. ಆಮೇಲೆ ಗಾಯದ ಸುತ್ತ ರೇಬಿಸ್ ಪ್ರತಿಕಾಯದ ಸೀರಂ ಕೊಟ್ಟರು. ಲಸಿಕೆಯನ್ನು ಎರಡೂ ತೋಳಿಗೆ, ಚರ್ಮದ ಒಳಪದರಕ್ಕೆ, ಸಣ್ಣ ಸೂಜಿಯಲ್ಲಿ ಕೊಟ್ಟರು. ಚುಚ್ಚಿದ ಪ್ರತಿ ಜಾಗವನ್ನೂ ಹತ್ತು ನಿಮಿಷ ಒತ್ತಿ ಹಿಡಿಯಬೇಕು, ಉಜ್ಜಬಾರದು ಎಂದರು. ಒಂದು ತೋಳು ಅಕ್ಕ ಹಿಡಿದಳು, ಇನ್ನೊಂದು ನಾನು. ಮತ್ತೆ 3ನೇ ದಿನ, 7ನೇ ದಿನ, 28ನೇ ದಿನ ಹೋದೆವು. ಒಮ್ಮೆಯೂ ಊತ ಬರಲಿಲ್ಲ.

ನಾಲ್ಕು ವರ್ಷ ನಾವು ಹೆದರಿದ್ದು ಏನಕ್ಕೆ ಎಂದು ನಾನು ಆಮೇಲೆ ಕುಳಿತು ಓದಿದೆ. ಓದಿದ್ದನ್ನು ನಮ್ಮೂರಿನ ಮಾತಿನಲ್ಲೇ ಹೇಳುತ್ತೇನೆ.

ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ತೋಡಿಗೆ ಕಟ್ಟ ಕಟ್ಟುತ್ತಾರಲ್ಲ, ಹಾಗೆ ರಕ್ತ ನಿಲ್ಲುವುದೂ ಎರಡು ಹಂತದಲ್ಲಿ. ನಾಳಕ್ಕೆ ತೂತಾದ ಕೂಡಲೇ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಓಡಿ ಬಂದು ಕಲ್ಲು ಪೇರಿಸಿದ ಹಾಗೆ ತೂತನ್ನು ಮುಚ್ಚುತ್ತವೆ. ಆಮೇಲೆ ಫೈಬ್ರಿನ್ ಎಂಬ ಎಳೆಗಳು ಕಲ್ಲಿನ ನಡುವೆ ಮಣ್ಣು ಮೆತ್ತಿದ ಹಾಗೆ ಅದನ್ನು ಗಟ್ಟಿ ಮಾಡುತ್ತವೆ. ಹೀಮೋಫಿಲಿಯಾದವರಲ್ಲಿ ಕಲ್ಲು ಉಂಟು, ಮಣ್ಣು ಇಲ್ಲ. ಅದಕ್ಕೇ ಅವರಿಗೆ ಗಾಯವಾದರೆ ರಕ್ತ ಬೇರೆಯವರಿಗಿಂತ ಜೋರಾಗಿ ಚಿಮ್ಮುವುದಿಲ್ಲ. ಮೊದಲು ನಿಂತ ಹಾಗೆ ಕಾಣುತ್ತದೆ, ಕೆಲವು ಗಂಟೆ ಕಳೆದ ಮೇಲೆ ಸಂದಿಯಿಂದ ಜಿನುಗಲು ಶುರುವಾಗುತ್ತದೆ. ಸ್ನಾಯುವಿನ ಆಳದಲ್ಲಿ ಹಾಗೆ ಜಿನುಗಿದರೆ ಹೊರಗೆ ಕಾಣುವುದೇ ಇಲ್ಲ. ನಮ್ಮ ಮಗುವಿನ ತೊಡೆ ಸಂಜೆ ಸರಿ ಇದ್ದು ಮರುದಿನ ಬಿಗಿದದ್ದು ಇದಕ್ಕೇ.

ಅಂದರೆ ತೊಂದರೆ ಲಸಿಕೆಯ ಮದ್ದಿನಲ್ಲಿ ಇರಲಿಲ್ಲ, ಸೂಜಿ ಮಾಡಿದ ತೂತಿನಲ್ಲಿ ಇತ್ತು. ಮದ್ದು ಈ ಮಕ್ಕಳ ಮೈಯಲ್ಲೂ ಬೇರೆ ಮಕ್ಕಳ ಮೈಯಲ್ಲಿ ಮಾಡುವ ಕೆಲಸವನ್ನೇ ಮಾಡುತ್ತದೆ. ಆದ್ದರಿಂದ ಯೋಚಿಸಬೇಕಾದದ್ದು ಆ ತೂತನ್ನು ಸಣ್ಣದು ಮಾಡುವುದು ಹೇಗೆ, ಮುಚ್ಚುವುದು ಹೇಗೆ ಎಂದು. ವಿಶ್ವ ಹೀಮೋಫಿಲಿಯಾ ಒಕ್ಕೂಟ ಎಂಬ ಸಂಸ್ಥೆಯನ್ನು 1963ರಲ್ಲಿ ಕಟ್ಟಿದವರು ಫ್ರಾಂಕ್ ಶ್ನಾಬೆಲ್, ಸ್ವತಃ ಹೀಮೋಫಿಲಿಯಾ ಇದ್ದವರು. ಅವರ ಹುಟ್ಟುಹಬ್ಬವಾದ ಏಪ್ರಿಲ್ 17ನ್ನೇ ವಿಶ್ವ ಹೀಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ. ಆ ಒಕ್ಕೂಟ 2020ರಲ್ಲಿ ಹೊರತಂದ ಚಿಕಿತ್ಸಾ ಮಾರ್ಗಸೂಚಿಯ ಮೊದಲ ಹೆಸರಿನ ಲೇಖಕರು ವೆಲ್ಲೂರಿನ ಸಿಎಂಸಿಯ ಡಾ. ಅಲೋಕ್ ಶ್ರೀವಾಸ್ತವ. ಅದರಲ್ಲಿ ಮಾತು ಸ್ಪಷ್ಟವಾಗಿದೆ: ರಕ್ತಸ್ರಾವದ ಕಾಯಿಲೆ ಇರುವವರಿಗೂ ಎಲ್ಲರಿಗೂ ಕೊಡುವ ಲಸಿಕೆಗಳನ್ನು ಕೊಡಬೇಕು, ಎಚ್ಚರಿಕೆ ವಹಿಸಿ ಕೊಡಬೇಕು.

ಆ ಎಚ್ಚರಿಕೆಗಳನ್ನು ಬರೆಯುತ್ತೇನೆ. ಮನೆಯಲ್ಲಿ ಇಂಥವರು ಇದ್ದರೆ ಬರೆದಿಟ್ಟುಕೊಳ್ಳಿ.

1. ಲಸಿಕೆಗೆ ಹೋಗುವ ಮೊದಲು ಹೀಮೋಫಿಲಿಯಾ ನೋಡುವ ಡಾಕ್ಟರರಿಗೆ ಫೋನ್ ಮಾಡಿ. ಫ್ಯಾಕ್ಟರ್ ತೆಗೆದುಕೊಂಡು ಹೋಗಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಕಾಯಿಲೆ ಎಷ್ಟು ತೀವ್ರ, ಮಗು ಈಗ ಯಾವ ಔಷಧದಲ್ಲಿದೆ ಎಂಬುದನ್ನು ನೋಡಿ ಅದು ಬದಲಾಗುತ್ತದೆ. ಫ್ಯಾಕ್ಟರ್ 8 ಮೈಯಲ್ಲಿ ಸುಮಾರು 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಕೊಡುವುದಾದರೆ ಲಸಿಕೆಗೆ ಸ್ವಲ್ಪ ಮೊದಲೇ ಕೊಡಬೇಕು, ಹಿಂದಿನ ವಾರ ಕೊಟ್ಟದ್ದು ಲೆಕ್ಕಕ್ಕಿಲ್ಲ.

2. ಲಸಿಕೆ ಕೊಡುವವರಿಗೆ ಕಾಯಿಲೆಯ ಹೆಸರು ಹೇಳಿ. ಮುಚ್ಚಿಡಬೇಡಿ. ಸಾಧ್ಯವಾದಷ್ಟು ಸಣ್ಣ ಸೂಜಿ, 25ರಿಂದ 27 ಗೇಜಿನದ್ದು, ಬೇಕು. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣದು. ಚರ್ಮದ ಅಡಿಗೆ ಕೊಟ್ಟರೂ ಕೆಲಸ ಮಾಡುವ ಲಸಿಕೆಯಾದರೆ ಹಾಗೇ ಕೊಡುವುದು ಒಳ್ಳೆಯದು. ದಡಾರ-ರುಬೆಲ್ಲಾ ಲಸಿಕೆಯನ್ನು ಎಲ್ಲಾ ಮಕ್ಕಳಿಗೂ ಚರ್ಮದ ಅಡಿಗೇ ಕೊಡುವುದು. ಬಿಸಿಜಿ ಚರ್ಮದ ಒಳಪದರಕ್ಕೆ. ರೋಟಾವೈರಸ್ ಮತ್ತು ಪೋಲಿಯೋ ಹನಿ ಬಾಯಿಗೆ, ಅಲ್ಲಿ ಸೂಜಿಯೇ ಇಲ್ಲ.

3. ಸ್ನಾಯುವಿಗೇ ಕೊಡಬೇಕಾದ ಲಸಿಕೆಯಾದರೆ, ಕೊಡುವ ಮೊದಲು ಐದು ನಿಮಿಷ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬಹುದು. ಕೊಟ್ಟ ಮೇಲೆ ಕನಿಷ್ಠ ಹತ್ತು ನಿಮಿಷ ಹತ್ತಿಯಿಂದ ಒತ್ತಿ ಹಿಡಿಯಬೇಕು. ನಡುವೆ ತೆಗೆದು ನೋಡಬಾರದು, ಉಜ್ಜಬಾರದು.

4. ಮನೆಗೆ ಬಂದು ಎರಡರಿಂದ ನಾಲ್ಕು ಗಂಟೆಯ ನಂತರ ಆ ಜಾಗವನ್ನು ಮತ್ತೆ ಮುಟ್ಟಿ ನೋಡಿ. ಮರುದಿನ ಬೆಳಿಗ್ಗೆಯೂ ನೋಡಿ. ಒಂದೆರಡು ದಿನದ ಸಣ್ಣ ನೋವು ಎಲ್ಲರಿಗೂ ಇರುತ್ತದೆ. ಊತ ದೊಡ್ಡದಾಗುತ್ತಾ ಹೋದರೆ, ಗಟ್ಟಿಯಾದರೆ, ಮಗು ಆ ಕೈ ಅಥವಾ ಕಾಲು ಆಡಿಸದಿದ್ದರೆ ಕಾಯಬೇಡಿ, ಡಾಕ್ಟರರಿಗೆ ಫೋನ್ ಮಾಡಿ.

5. ಜ್ವರ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅವು ಪ್ಲೇಟ್‌ಲೆಟ್‌ನ ಕೆಲಸವನ್ನು ಕೆಡಿಸುತ್ತವೆ. ಮೊದಲೇ ಮಣ್ಣಿಲ್ಲದ ಕಟ್ಟದಿಂದ ಕಲ್ಲನ್ನೂ ತೆಗೆದ ಹಾಗಾಗುತ್ತದೆ.

ಇದು ಹೀಮೋಫಿಲಿಯಾ ಒಂದಕ್ಕೇ ಅಲ್ಲ. ವಾನ್ ವಿಲೆಬ್ರಾಂಡ್ ಎಂಬ ಇನ್ನೊಂದು ಕಾಯಿಲೆ ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇರುವವರಿದ್ದಾರೆ. ಹೃದಯದ ಆಪರೇಷನ್ ಆಗಿ ರಕ್ತ ತೆಳುವಾಗುವ ಮಾತ್ರೆ ತಿನ್ನುವ ಹಿರಿಯರು ನಮ್ಮ ಪ್ರತಿ ವಾಳೆಯಲ್ಲೂ ಇದ್ದಾರೆ. ಅವರೂ ಲಸಿಕೆ ಬಿಡಬೇಕಿಲ್ಲ, ತಾವಾಗಿ ಮಾತ್ರೆ ನಿಲ್ಲಿಸಲೂಬಾರದು. ಡಾಕ್ಟರರಿಗೆ ತಿಳಿಸಿ, ಸಣ್ಣ ಸೂಜಿ ಕೇಳಿ, ಒತ್ತಿ ಹಿಡಿಯಲಿ.

ಇನ್ನು ಮೂಗಿನಲ್ಲಿ ರಕ್ತ ಬರುವ ಹುಡುಗನ ತಾಯಿಗೆ ನಾನು ಅವತ್ತು ಹೇಳಿದ್ದು ಇದು: ಮಕ್ಕಳಿಗೆ ಮೂಗಿನಲ್ಲಿ ರಕ್ತ ಬರುವುದು ಸಾಮಾನ್ಯ, ಹೆಚ್ಚಿನವರಿಗೆ ಇಂಥ ಕಾಯಿಲೆ ಇರುವುದಿಲ್ಲ. ಆದರೆ ಹತ್ತು ನಿಮಿಷ ಮೂಗು ಒತ್ತಿ ಹಿಡಿದರೂ ನಿಲ್ಲದಿದ್ದರೆ, ಪೆಟ್ಟು ಬೀಳದೆಯೂ ಮೈಮೇಲೆ ದೊಡ್ಡ ನೀಲಿ ಕಲೆ ಬಂದರೆ, ಹಲ್ಲು ಬಿದ್ದಾಗ ದಿನವಿಡೀ ರಕ್ತ ಬಂದರೆ, ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹೀಗೆ ಇದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಅನುಮಾನ ಇದ್ದರೆ ಪರೀಕ್ಷೆ ಉಂಟು. ಅನುಮಾನಕ್ಕೆ ಲಸಿಕೆ ಬಿಡುವುದು ಮದ್ದಲ್ಲ.

ನಮ್ಮ ಜಿಲ್ಲೆಯಿಂದ ಬಹಳ ದೂರವಿಲ್ಲದ ಮಲಪ್ಪುರಂನಲ್ಲಿ 2016ರಲ್ಲಿ ಗಂಟಲುಮಾರಿ ಮತ್ತೆ ಬಂದು ಲಸಿಕೆ ಪೂರ್ತಿಯಾಗದ ಮಕ್ಕಳ ಜೀವ ತೆಗೆಯಿತು. ಎಂದೋ ಹೋಯಿತು ಎಂದುಕೊಂಡಿದ್ದ ಕಾಯಿಲೆ. ರಕ್ತ ನಿಲ್ಲದ ಮಗುವಿಗೆ ಇಂಥ ಕಾಯಿಲೆ ಬಂದರೆ ಕಷ್ಟ ಇಮ್ಮಡಿ. ನಾಯಿಕೆಮ್ಮು ಬಂದ ಮಗು ವಾರಗಟ್ಟಲೆ ಮೈ ನಡುಗುವ ಹಾಗೆ ಕೆಮ್ಮುತ್ತದೆ. ಸೂಜಿಯ ತೂತು ಒಂದು, ಅಂಥ ಕೆಮ್ಮು ಸಾವಿರ. ನನ್ನ ಮಾವನನ್ನು ನೆನೆಯಿರಿ. ರಕ್ತ, ಪ್ಲಾಸ್ಮಾ ಬೇಕಾಗುವವರಿಗೆ ಹೆಪಟೈಟಿಸ್ ಬಿ ಲಸಿಕೆ ಬೇರೆ ಯಾರಿಗಿಂತಲೂ ಹೆಚ್ಚು ಬೇಕು. ಹೆಪಟೈಟಿಸ್ ಸಿಗೆ ಇವತ್ತಿಗೂ ಲಸಿಕೆ ಇಲ್ಲ. ಬಿಗೆ ಉಂಟು. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ನನ್ನ ಮಾವನ ಕಾಲಕ್ಕೆ ಅದು ನಮ್ಮ ಊರಿಗೆ ಬಂದಿರಲಿಲ್ಲ. ಬಂದದ್ದನ್ನು ನಾನು ಅವನ ಅಕ್ಕನ ಮೊಮ್ಮಗನಿಗೆ ತಪ್ಪಿಸಿದೆ.

ನಾಯಿ ಕಚ್ಚಿದ ಗಾಯ ವಾಸಿಯಾದ ಮೇಲೆ ನಾನು ಕಾರ್ಡ್ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ತಪ್ಪಿದ ಲಸಿಕೆಗಳ ಪಟ್ಟಿ ಮಾಡಿದೆವು. ಮೊದಲಿನಿಂದ ಶುರು ಮಾಡಬೇಕಿಲ್ಲ, ವಯಸ್ಸಿಗೆ ತಕ್ಕದ್ದನ್ನು ಹಂತ ಹಂತವಾಗಿ ಕೊಟ್ಟರೆ ಸಾಕು ಎಂದರು. ಒಂದೊಂದೇ ಕೊಡಿಸಿದೆವು. ಅದೇ ವರ್ಷ ಕೇರಳ ಸರ್ಕಾರ 18 ವರ್ಷದೊಳಗಿನ ಹೀಮೋಫಿಲಿಯಾದವರಿಗೆ ಎಮಿಸಿಜುಮಾಬ್ ಎಂಬ ಔಷಧವನ್ನು ಉಚಿತವಾಗಿ ಕೊಡಲು ತೀರ್ಮಾನಿಸಿತು. ಆಶಾಧಾರ ಯೋಜನೆಯಲ್ಲಿ ನಮ್ಮ ಹುಡುಗನ ಹೆಸರೂ ಸೇರಿತು. ಆ ಔಷಧ ಫ್ಯಾಕ್ಟರ್ 8ರ ಕೆಲಸವನ್ನು ತಾನು ಮಾಡುತ್ತದೆ. ಅದನ್ನು ತೆಗೆದುಕೊಳ್ಳುತ್ತಿರುವವರಿಗೆ ಲಸಿಕೆಯ ಮೊದಲು ಸಾಮಾನ್ಯವಾಗಿ ಫ್ಯಾಕ್ಟರ್ ಬೇಕಾಗುವುದಿಲ್ಲ. ಅದನ್ನು ಕೊಡುವುದೂ ಇಂಜೆಕ್ಷನ್ ಮೂಲಕವೇ, ಚರ್ಮದ ಅಡಿಗೆ. ಇಂಜೆಕ್ಷನ್ ಆಗುವುದಿಲ್ಲ ಎಂದು ನಾನು ತೀರ್ಪು ಕೊಟ್ಟ ಹುಡುಗ ಈಗ ಎರಡು ವಾರಕ್ಕೊಮ್ಮೆ ತಾನೇ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಾನೆ.

ಒತ್ತಿ ಹಿಡಿಯುವ ಕೆಲಸ ಈಗ ಅಜ್ಜಿಯದ್ದು, ಅಂದರೆ ನನ್ನ ಅಮ್ಮನ ಅಮ್ಮನದ್ದು. ಅವರಿಗೆ ಗಡಿಯಾರ ಸರಿಯಾಗಿ ಕಾಣುವುದಿಲ್ಲ. ಮೊದಲ ಸಲ ಲಸಿಕೆಗೆ ಜೊತೆಯಲ್ಲಿ ಬಂದಾಗ ಎಡಗೈಯಲ್ಲಿ ಹತ್ತಿ ಒತ್ತಿ ಹಿಡಿದು, ಬಲಗೈಯಲ್ಲಿ ತೇರ್ಸಿನ ಮಣಿ ಎಣಿಸಲು ಶುರು ಮಾಡಿದರು. ಅವರ ಲೆಕ್ಕದಲ್ಲಿ ಎರಡು ರಹಸ್ಯ ಎಂದರೆ ಹತ್ತು ನಿಮಿಷ. ನಾನು ಮೊಬೈಲಿನಲ್ಲಿ ನೋಡಿದೆ, ಹತ್ತೂವರೆ ಇತ್ತು. ನರ್ಸ್ ನಕ್ಕು, "ಇಷ್ಟು ಸರಿಯಾಗಿ ಯಾರೂ ಹಿಡಿಯುವುದಿಲ್ಲ" ಎಂದು ಮಲಯಾಳಂನಲ್ಲಿ ಹೇಳಿದರು. ಅಜ್ಜಿ ತಮ್ಮ ಮಗನಿಗೆ ಹೀಗೆ ಹಿಡಿಯಲು ಯಾರೂ ಹೇಳಿಕೊಟ್ಟಿರಲಿಲ್ಲ ಎಂದರು. ಬೇರೇನೂ ಹೇಳಲಿಲ್ಲ.

ಕೊನೆಗೆ ನನ್ನ ವಿಷಯ. ಅಮ್ಮನ ಮಗಳಾದ ನನಗೂ ಈ ಕಾಯಿಲೆಯನ್ನು ದಾಟಿಸುವ ಗುಣ ಇರುವ ಸಾಧ್ಯತೆ ಅರ್ಧಕ್ಕರ್ಧ. ಕಳೆದ ವರ್ಷ ಪರೀಕ್ಷೆ ಮಾಡಿಸಿದೆ. ಉಂಟು. ನನ್ನ ಫ್ಯಾಕ್ಟರ್ 8 ಕೂಡ 34% ಮಾತ್ರ. ಹೀಮೋಫಿಲಿಯಾ ಗಂಡಸರ ಕಾಯಿಲೆ, ಹೆಂಗಸರು ಬರೀ ದಾಟಿಸುವವರು ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ಮಟ್ಟ 40%ಕ್ಕಿಂತ ಕಡಿಮೆ ಇದ್ದರೆ ಹೆಂಗಸಿಗೂ ಅದು ಸೌಮ್ಯ ಬಗೆಯ ಹೀಮೋಫಿಲಿಯಾವೇ. ಲಸಿಕೆಗೆ ನನಗೆ ವಿಶೇಷ ತಯಾರಿ ಬೇಕಿಲ್ಲ. 2021ರಲ್ಲಿ ಗೊತ್ತಿಲ್ಲದೆಯೇ ಕೋವಿಡ್ ಲಸಿಕೆ ತೆಗೆದುಕೊಂಡೆ, ಏನೂ ಆಗಲಿಲ್ಲ. ಆದರೆ ಹಲ್ಲು ಕೀಳಿಸುವಾಗ, ಆಪರೇಷನ್ ಇದ್ದರೆ, ಹೆರಿಗೆಯ ಸಮಯದಲ್ಲಿ ಡಾಕ್ಟರರಿಗೆ ಮೊದಲೇ ಗೊತ್ತಿರಬೇಕು. ತಿಂಗಳ ಸ್ರಾವ ತೀರಾ ಹೆಚ್ಚಾಗಿ ಶಾಲೆ ತಪ್ಪಿಸುವ ತಂಗಿಯರೇ, ನಿಮ್ಮ ಅಮ್ಮನ ಕಡೆ ಇಂಥ ಕಥೆ ಇದ್ದರೆ ನೀವೂ ಕೇಳಿ ತಿಳಿದುಕೊಳ್ಳಿ.

ಇದನ್ನು ಬರೆಯುತ್ತೇನೆ ಎಂದಾಗ ಅಮ್ಮ ಕೇಳಿದರು, "ನಾಳೆ ನಿನಗೆ ಪ್ರಸ್ತಾಪ ಬರುವಾಗ ಜನ ಇದನ್ನೇ ಹೇಳಲಿಕ್ಕಿಲ್ವಾ?" ಹೇಳಬಹುದು. ನನಗೂ ಹೆದರಿಕೆ ಇಲ್ಲ ಎಂದಲ್ಲ. ಆದರೆ ನಮ್ಮ ಅಜ್ಜಿಮನೆಯಲ್ಲಿ ಈ ಮಾತನ್ನು ಎರಡು ತಲೆಮಾರು ಮುಚ್ಚಿಟ್ಟದ್ದಕ್ಕೇ ಅಕ್ಕನ ಮಗುವಿನ ತೊಡೆಗೆ ಸೂಜಿ ಇಳಿಯುವಾಗ ಯಾರಿಗೂ ಏನೂ ಗೊತ್ತಿರಲಿಲ್ಲ. ಹುಟ್ಟಿದ ದಿನವೇ ಗೊತ್ತಿದ್ದರೆ ಅದೇ ಲಸಿಕೆಯನ್ನು ಸಣ್ಣ ಸೂಜಿಯಲ್ಲಿ, ಹತ್ತು ನಿಮಿಷ ಒತ್ತಿ ಹಿಡಿದು ಕೊಡಿಸಬಹುದಿತ್ತು.

ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಕಥೆ ಬರುತ್ತದೆ. ಗುಂಪಿನ ಹಿಂದಿನಿಂದ ಬಂದು ಪ್ರಭುವಿನ ಉಡುಪನ್ನು ಮುಟ್ಟಿ ಗುಣವಾದವಳು. ಪ್ರವಚನಗಳಲ್ಲಿ ನಾವು ಅವಳ ವಿಶ್ವಾಸದ ಬಗ್ಗೆ ಬಹಳ ಕೇಳಿದ್ದೇವೆ. ನನಗೆ ಈಗ ಹೆಚ್ಚು ಕಾಡುವುದು ಅದರ ಮುಂದಿನ ಗಳಿಗೆ. ಗುಣವಾದ ಮೇಲೆ ಅವಳು ಸದ್ದಿಲ್ಲದೆ ಹೋಗಬಹುದಿತ್ತು. ಯಾರು ಮುಟ್ಟಿದ್ದು ಎಂದು ಪ್ರಭು ಕೇಳಿದಾಗ ನಡುಗುತ್ತಾ ಮುಂದೆ ಬಂದು, ಅಷ್ಟು ಜನರ ನಡುವೆ ನಡೆದದ್ದನ್ನೆಲ್ಲಾ ಹೇಳಿದಳು. ಅವಳ ನಡುಕ ನನಗೆ ಅರ್ಥವಾಗುತ್ತದೆ.

ಒಂದು ಸಣ್ಣ ವಿಷಯದೊಂದಿಗೆ ಮುಗಿಸುತ್ತೇನೆ. ಇನ್ನು ಮುಂದೆ ಪ್ರತಿ ಭಾನುವಾರ ಪೂಜೆಯ ನಂತರ ನಾವು ಯುವಜನರು ಮೂವರು ಅರ್ಧ ಗಂಟೆ ಹಾಲ್‌ನಲ್ಲಿ ಕುಳಿತಿರುತ್ತೇವೆ. ಮಲಯಾಳಂ ಸರಾಗ ಓದುವವರು ಇಬ್ಬರು, ಇಂಗ್ಲಿಷಿಗೆ ನಾನು. ಆಸ್ಪತ್ರೆಯ ಕಾಗದ, ಲಸಿಕೆ ಕಾರ್ಡ್ ಯಾವುದಿದ್ದರೂ ತನ್ನಿ. ಓದಿ ಹೇಳುತ್ತೇವೆ, ಡಾಕ್ಟರರನ್ನು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತೇವೆ. ಉತ್ತರ ಡಾಕ್ಟರರೇ ಕೊಡಲಿ. ಓದುವಾಗ ಎರಡನೇ ಪುಟವನ್ನೂ ತಿರುಗಿಸುತ್ತೇವೆ ಎಂದು ಮಾತು ಕೊಡುತ್ತೇನೆ.

ನಮ್ಮ ಹುಡುಗ ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುತ್ತಾನೆ. ಕಾರ್ಡಿನಲ್ಲಿ ಇನ್ನೊಂದು ಬೂಸ್ಟರ್ ಬಾಕಿ ಇದೆ. ದಿನ ಗೊತ್ತು ಮಾಡಿದ್ದೇವೆ, ಡಾಕ್ಟರರಿಗೆ ಫೋನ್ ಆಗಿದೆ, ಅಜ್ಜಿ ತೇರ್ಸನ್ನು ಚೀಲದಲ್ಲಿ ಹಾಕಿಟ್ಟಿದ್ದಾರೆ.